ಮೂರು ದಿನ ಖರ್ಚಿಲ್ಲ

"ಇವತ್ತೂ ಬರಲಿಲ್ಲ" ಎನ್ನುತ್ತಾ ಕುಶಲಾ ಫೋನನ್ನು ಸೆರಗಿನಿಂದ ಒರೆಸಿ ಮತ್ತೊಮ್ಮೆ ನೋಡಿದಳು. ಒರೆಸಿದರೆ ಮೆಸೇಜು ಬರುತ್ತದೆಯೇ!

ಮಗ ಪ್ರತೀಕ್ ಮಣಿಪಾಲದ ಹಾಸ್ಟೆಲ್ಲಿನಲ್ಲಿದ್ದು ಬಿ.ಕಾಂ. ಓದುತ್ತಿದ್ದ. ಗಂಡ ಭೋಜ ಮಸ್ಕತ್ತಿನಿಂದ ಹಣ ಕಳಿಸುತ್ತಿದ್ದುದು ಕುಶಲಾಳ ಖಾತೆಗೆ. ಅದನ್ನೇ ಮಗನ ಫೋನಿಗೂ ಜೋಡಿಸಿದ್ದರಿಂದ ಅವನು ಎಲ್ಲಿ ಸ್ಕ್ಯಾನ್ ಮಾಡಿ ಹಣ ಕೊಟ್ಟರೂ ಇತ್ತ ಕೆಮ್ಮಣ್ಣು ಊರಿನಲ್ಲಿದ್ದ ತಾಯಿಗೆ ಮೆಸೇಜು ಬರುತ್ತಿತ್ತು. ಇಂಗ್ಲಿಷ್ ಬಾರದಿದ್ದರೇನು, ಅಂಕಿ ಓದಲು ಬರುತ್ತಿತ್ತಲ್ಲ! ಇಪ್ಪತ್ತು ಎಂದರೆ ಚಹಾ ಕುಡಿದ. ನೂರೆಂಬತ್ತು ಎಂದರೆ ಮೆಸ್ಸಿನ ಊಟ ಬಿಟ್ಟು ಬಿರಿಯಾನಿ ತಿಂದ. "ದುಡ್ಡಿಗೆ ಬೆಲೆಯೇ ಇಲ್ಲ ಇವನಿಗೆ" ಎಂದು ಬೈಯುತ್ತಲೇ ಅವಳು ನೆಮ್ಮದಿಯಿಂದ ಊಟಕ್ಕೆ ಕೂರುತ್ತಿದ್ದಳು.

ಈಗ ಮೂರು ದಿನಗಳಿಂದ ಒಂದು ರೂಪಾಯಿಯೂ ಹೋಗಿಲ್ಲ. ಫೋನಿನಲ್ಲಿ ಕೇಳಿದರೆ "ಊಟ ಆಯ್ತಮ್ಮ" ಎನ್ನುತ್ತಾನೆ. ಜ್ವರವೋ, ಜಗಳವೋ, ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಅವಳಿಗೆ ಜೀವವೇ ಬಾಯಿಗೆ ಬಂದಂತಾಯಿತು. ಕೋರಿ ರೊಟ್ಟಿಯನ್ನು ಕೋಳಿಸಾರಿನ ಜೊತೆ ಕಟ್ಟಿಕೊಂಡು ಬಸ್ಸು ಹತ್ತಿಯೇಬಿಟ್ಟಳು.

ಹಾಸ್ಟೆಲ್ ಗೇಟಿಗೆ ಪ್ರತೀಕ್ ಗೆಳೆಯ ರಿತೇಶನೊಂದಿಗೆ ನಗುತ್ತಾ ಓಡಿಬಂದ. ಕೆನ್ನೆ ಮೊದಲಿಗಿಂತ ತುಂಬಿಕೊಂಡಿತ್ತು.

"ಹುಷಾರುಂಟಾ ಮಗ? ಮೂರು ದಿನ ಎಂತ ತಿಂದೆ?"

"ಮೆಸ್ಸಿನ ಊಟ! ಅದಕ್ಕೆ ಮೊದಲೇ ಹಣ ಕಟ್ಟಿ ಆಗಿದೆ ಅಲ್ವಾ? ಕ್ಲಾಸಿನಲ್ಲಿ ಒಂದು ಸ್ಪರ್ಧೆ ಉಂಟಮ್ಮ, ವಾರ ಪೂರ್ತಿ ಖರ್ಚೇ ಮಾಡಬಾರದು. ಸೊನ್ನೆಯಲ್ಲಿ ಉಳಿದದ್ದು ನಾನೊಬ್ಬನೇ!"

ಕುಶಲಾಳಿಗೆ ನಗುವೂ ಬಂತು, ಅಳುವೂ ಬಂತು.

"ಒಂದು ಮಾತು ಹೇಳ್ಬಾರದಾ ಮಾರಾಯ? ನಿನ್ನ ಮೆಸೇಜು ಬಾರದೆ ನನಗೆ ಮೂರು ದಿನದಿಂದ ಗಂಟಲಲ್ಲಿ ಅನ್ನ ಇಳಿಯಲಿಲ್ಲ."

"ನೀನು ಮೆಸೇಜು ನೋಡುವುದು ಬೈಯಲಿಕ್ಕೆ ಅಂತ ಎಣಿಸಿದ್ದೆ ನಾನು" ಎಂದ ಪ್ರತೀಕ್ ಮೆಲ್ಲಗೆ.

ರೊಟ್ಟಿಯ ಚೀಲ ಅಷ್ಟರಲ್ಲೇ ರಿತೇಶನ ಕೈ ಸೇರಿತ್ತು. ಪ್ರತೀಕ್ ತಾಯಿಯ ಕೈ ಹಿಡಿದು ಎದುರಿನ ಐಸ್‌ಕ್ರೀಮ್ ಅಂಗಡಿಗೆ ಕರೆದೊಯ್ದು ಒಂದು ಗಡ್‌ಬಡ್ ಐಸ್‌ಕ್ರೀಮಿಗೆ ಹೇಳಿದ. ಫೋನು ತೆಗೆದು ಸ್ಕ್ಯಾನ್ ಮಾಡಿದ.

"ಸೊನ್ನೆ ಹೋಯ್ತಲ್ಲ ಮಾರಾಯ!" ರಿತೇಶ್ ಗೇಟಿನಿಂದಲೇ ಕೂಗಿದ.

"ಹೋಗಲಿ ಬಿಡು!"

ಉದ್ದನೆಯ ಗ್ಲಾಸು ಬಂತು. ಕುಶಲಾ ವಾಡಿಕೆಯಂತೆ ಮೊದಲ ಚಮಚವನ್ನು ಮಗನ ಬಾಯಿಯ ಹತ್ತಿರ ಒಯ್ದಳು. ಅವನು ಅದನ್ನು ಅವಳ ಕಡೆಗೇ ತಿರುಗಿಸಿದ.

"ನೀನು ತಿನ್ನಮ್ಮ. ನಾನು ನೋಡ್ಬೇಕು."

ಅವಳು ತಿಂದಳು. ಅವನು ಗಲ್ಲಕ್ಕೆ ಕೈಕೊಟ್ಟು, ಗ್ಲಾಸು ಖಾಲಿಯಾಗುವ ತನಕ ನೋಡುತ್ತಾ ಕುಳಿತ.