ನಾನೂರು ಷೇರು ಯಾವ ಖಾತೆಗೆ

ಶುಕ್ರವಾರ ಸಂಜೆ ನಾಲ್ಕರೊಳಗೆ ಕಾಗದಪತ್ರ ಬ್ಯಾಂಕಿಗೆ ತಲುಪಬೇಕಿತ್ತು. ಅದೇ ದಿನ ಬೆಳಗಿನ ಹನ್ನೊಂದು ಗಂಟೆಯಾದರೂ ನಿತ್ಯಾಳ ಲೆಕ್ಕ ಕೂಡಿ ಬಂದಿರಲಿಲ್ಲ.

ಷೇರುಗಳು ಅವಳ ಮಾವ ಲಿಂಗಸಾಮಿಯವು. ತೊಂಡಾಮುತ್ತೂರಿನ ಬಾಳೆತೋಟದಲ್ಲಿ ನಾಲ್ಕು ಕಾಸು ಉಳಿದಾಗಲೆಲ್ಲ ಒಂದು ಪಂಪ್ ಕಂಪನಿಯ ಷೇರು ಕೊಂಡಿಡುತ್ತ ಬಂದವರು ಅವರು. ಮನೆಯಲ್ಲಿ ಆಡುವ ಕನ್ನಡದಲ್ಲಿ ಷೇರಿಗೆ ತಮಿಳಿನ ‘ಪಂಗು’ ಎಂದೇ ಹೆಸರು. ಕೊಯಮತ್ತೂರಿನ ಹಳೆಯ ಬ್ರೋಕರ್ ವ್ಯವಹಾರ ಮುಚ್ಚುತ್ತಿದ್ದರಿಂದ ಹೋದ ವಾರ ಆ ಖಾತೆಯಲ್ಲಿದ್ದುದೆಲ್ಲ ಹೊಸ ಖಾತೆಗೆ ಹೋಗಿತ್ತು. ಅದನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ತೆಗೆದು ನಿತ್ಯಾಳ ಗಂಡ ಶಕ್ತಿವೇಲ್ ಕುರಿಚಿಯ ತನ್ನ ವರ್ಕ್‌ಶಾಪಿಗೆ ಹೊಸ ಲೇತ್ ಯಂತ್ರ ತರುವವನಿದ್ದ.

ಬಿ.ಕಾಂ. ಓದಿದ್ದ ನಿತ್ಯಾ ಮದುವೆಯಾಗಿ ಬಂದಂದಿನಿಂದ ಮನೆಯ ಲೆಕ್ಕವನ್ನೆಲ್ಲ ಕಂಪ್ಯೂಟರಿನ ಒಂದು ಸಾಫ್ಟ್‌ವೇರಿನಲ್ಲಿ ಬರೆದಿಡುತ್ತಿದ್ದಳು. ಅಂದು ಬೆಳಿಗ್ಗೆ ಹಳೆಯ ಖಾತೆಯ ಷೇರುಗಳನ್ನು ಅಲ್ಲಿಯೂ ಹೊಸ ಖಾತೆಗೆ ದಾಟಿಸಲು ಹೋದಳು. ಮೊದಲ ಸಲ ಹಳೆಯದರಲ್ಲಿ ಮಾರಾಟ, ಹೊಸದರಲ್ಲಿ ಖರೀದಿ ಎಂದು ಬರೆದುಬಿಟ್ಟಳು. ಮಾರದ ಷೇರಿಗೆ ತೆರಿಗೆ ಕಟ್ಟಬೇಕಾದ ಹದಿನೇಳು ಲಕ್ಷದ ಲಾಭ ಪರದೆಯ ಮೇಲೆ ಮೂಡಿತು. ಅಳಿಸಿ, ‘ವರ್ಗಾವಣೆ’ ಆರಿಸಿ, ಯಾವ ವರ್ಷ ಎಷ್ಟು ಷೇರು, ಯಾವ ಬೆಲೆಗೆ ಎಂದು ಒಂದೊಂದಾಗಿ ದಾಟಿಸಿದಳು. ಕೊನೆಯಲ್ಲಿ ಹೊಸ ಖಾತೆಯಲ್ಲಿ ಸಾವಿರದಿನ್ನೂರು ಷೇರು ನಿಂತವು. ಆದರೆ ಹೊಸ ಬ್ರೋಕರ್ ಕಳಿಸಿದ ಪಟ್ಟಿಯಲ್ಲಿ ಇದ್ದದ್ದು ಎಂಟುನೂರು.

ಮೂರು ಸಲ ಎಣಿಸಿದಳು. ನಾನೂರು ಷೇರು ಇರಲಿಲ್ಲ.

ಕಾಗದ ಒಯ್ಯಲು ಬಂದ ಶಕ್ತಿವೇಲ್ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ. “ಆರು ಲಕ್ಷದ ಪಂಗು. ಎಲ್ಲಿ ಓಯ್ತು?”

“ಗೊತ್ತಿಲ್ಲೆ. ನೋಡ್ತಾ ಇದ್ದೀನಿ.”

“ಅಪ್ಪನಿಗೆ ಕಣ್ಣು ಸರಿಯಾಗಿ ಕಾಣಲ್ಲ. ಅವರ ಫೋನಿಗೆ ಬರೋ ಓಟಿಪಿನ ಓದಿ ಹೇಳೋದು ಯಾರು? ನೀನು ತಾನೆ?”

ನಿತ್ಯಾ ತಿರುಗಿ ಅವನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ.

“ನಿನ್ನ ತಮ್ಮ ಕಾರ್ತಿಕೇಯನ್ ದೀಪಾವಳಿಗೆ ವ್ಯಾನ್ ತಗೊಂಡ. ಕೈಯಲ್ಲಿ ಒಂದ್ರೂಪಾಯಿ ಇಲ್ಲದವನು.”

“ಅವನು ಸಾಲ ಮಾಡಿ ತಗೊಂಡಿದ್ದು. ನಿಮಗೂ ಗೊತ್ತು.”

“ಹಂಗಂತ ನೀನು ಹೇಳ್ದೆ.”

ಹನ್ನೆರಡು ವರ್ಷದ ಸಂಸಾರದಲ್ಲಿ ಅವನು ಅವಳಿಗೆ ಬೈದದ್ದುಂಟು. ಕಳ್ಳಿ ಎಂದಿರಲಿಲ್ಲ. ಈಗಲೂ ಆ ಪದ ಅವನ ಬಾಯಿಂದ ಬರಲಿಲ್ಲ, ಅಷ್ಟೆ. ನಿತ್ಯಾ ಫೋನು ಹಿಡಿದು ಅಂಗಳಕ್ಕೆ ಹೋಗಿ ಹಳೆಯ ಬ್ರೋಕರ್ ಆಫೀಸಿನ ನಟರಾಜನ್‌ಗೆ ಕರೆ ಮಾಡಿದಳು. ಅವರು ಹುಡುಕಿ ನೋಡಿ ತಮಿಳಿನಲ್ಲಿ ಹೇಳಿದರು: ನಾಲ್ಕು ತಿಂಗಳ ಹಿಂದೆ ನಾನೂರು ಷೇರು ದಾನವಾಗಿ ಬೇರೆ ಖಾತೆಗೆ ಹೋಗಿದೆ. ಲಿಂಗಸಾಮಿ ಅಯ್ಯನೇ ಆಫೀಸಿಗೆ ಬಂದು ಸಹಿ ಹಾಕಿದರು, ಓಟಿಪಿ ಬಂದ ಫೋನನ್ನೂ ಅವರೇ ತೆಗೆದುಕೊಟ್ಟರು. ಯಾರಿಗೆ ಎಂಬುದನ್ನು ಅವರಲ್ಲೇ ಕೇಳಿ.

ಲಿಂಗಸಾಮಿ ಹಿತ್ತಿಲಲ್ಲಿ ಕೂತು ಬಾಳೆಗೊನೆಯಿಂದ ಚಿಪ್ಪು ಬಿಡಿಸುತ್ತಿದ್ದರು.

“ಮಾವ, ನಾನೂರು ಪಂಗು ಯಾರಿಗೆ ಕೊಟ್ರಿ?”

ಕತ್ತಿ ನಿಂತಿತು.

“ಚಂದ್ರಾಗೆ,” ಎಂದರು.

ಚಂದ್ರಾ ಅವರ ಮಗಳು. ಹದಿಮೂರು ವರ್ಷದ ಹಿಂದೆ ನೆಗಮಂನ ಮಗ್ಗದ ಮನೆಯ ಹುಡುಗನನ್ನು, ಜಾತಿ ಬೇರೆಯೆಂದು ಮನೆಯವರು ತಡೆದರೂ ಕೇಳದೆ, ಮದುವೆಯಾಗಿ ಹೋದವಳು. ಅವಳ ಹೆಸರು ಎತ್ತಬಾರದೆಂದು ಶಕ್ತಿವೇಲ್ ಆಗಲೇ ಹೇಳಿದ್ದ. ಆರು ವರ್ಷದ ಹಿಂದೆ ತಾಯಿ ನಾಚಿಯಮ್ಮ ತೀರಿಕೊಂಡಾಗ ತಂಗಿಗೆ ಸುದ್ದಿ ಹೋಗದಂತೆ ನೋಡಿಕೊಂಡವನೂ ಅವನೇ.

“ಕಣ್ಣಿನ ಆಸ್ಪತ್ರೇಲಿ ಸಿಕ್ಕಿದ್ಲು,” ಎಂದರು ಲಿಂಗಸಾಮಿ. “ಗುರುತು ಸಿಗಲಿಲ್ಲೆ ನಂಗೆ. ಅವಳೇ ಬಂದು ಕೈ ಹಿಡ್ಕೊಂಡು, ಅಮ್ಮ ಹೆಂಗವ್ಳೆ ಅಂದ್ಲು. ಅಮ್ಮ ಹೆಂಗವ್ಳೆ ಅಂತ ಕೇಳ್ದ್ಲು, ಅಮ್ಮಣಿ.”

ನಿತ್ಯಾ ಅವರ ಕೈಯಿಂದ ಕತ್ತಿ ತೆಗೆದು ಪಕ್ಕಕ್ಕಿಟ್ಟಳು.

“ಅವನಿಗೆ ಹೇಳ್ಬೇಡ. ನಾನೇ ಮಾರ್ದೆ ಅಂತ ಬರ್ಕೊ. ಖರ್ಚಾಯ್ತು ಅನ್ನು.”

“ಮಾರಿದ ದುಡ್ಡೆಲ್ಲಿ ಅಂತ ಕೇಳ್ತಾರೆ. ಈಗಾಗ್ಲೇ ನಾನು ನನ್ನ ತಮ್ಮನಿಗೆ ಕೊಟ್ಟೆ ಅಂತವ್ರೆ.”

ಮುದುಕರು ತಲೆಯೆತ್ತಿದರು. “ನಿನ್ನನ್ನಾ?”

“ನನ್ನನ್ನೇ. ನೀವು ಕೊಟ್ಟಿದ್ದು ತಪ್ಪು ಅನ್ನಲ್ಲ ಮಾವ. ಆದ್ರೆ ನಾನು ಸುಳ್ಳು ಬರೆಯಲ್ಲ. ನೀವು ಒಳಗೆ ಬನ್ನಿ.”

ಅವರು ಕೂತಲ್ಲಿಂದ ಏಳಲಿಲ್ಲ. ನಿತ್ಯಾ ಒಬ್ಬಳೇ ಒಳಗೆ ಬಂದಳು. ಶಕ್ತಿವೇಲ್ ತನ್ನ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿಗೆ ಹಾಕಿದ್ದ. ರಿಂಗಾಗುತ್ತಿತ್ತು. ಪರದೆಯ ಮೇಲೆ ಅವಳ ತಮ್ಮನ ಹೆಸರಿತ್ತು.

“ಕಟ್ ಮಾಡಿ,” ಎಂದಳು ನಿತ್ಯಾ.

“ಕೇಳ್ತೀನಿ. ಕೇಳಿದ್ರೆ ಏನು?”

“ಒಂದ್ಸಲ ಕೇಳಿದ್ಮೇಲೆ ಅವನು ಈ ಮನೆ ಬಾಗಿಲಿಗೆ ಬರಲ್ಲ. ನಾನೂ ಇರಲ್ಲ.”

ಒಂದು ಮಾತು ಹೇಳಿದರೆ ಎಲ್ಲ ಮುಗಿಯುತ್ತಿತ್ತು. ಆದರೆ ಅದು ಮಾವ ಹೇಳಬೇಕಾದ ಮಾತು. ಅವಳು ಹಿಂಬಾಗಿಲ ಕಡೆ ನೋಡಿದಳು. ಅತ್ತ ಕಡೆ ಫೋನು ಎತ್ತಿದ ಸದ್ದಾಯಿತು. “ಸೊಲ್ಲುಂಗ ಮಾಮಾ,” ಹೇಳಿ ಭಾವ, ಎಂದ ಕಾರ್ತಿಕೇಯನ್, ಎಂದಿನ ನಗುವಿನಲ್ಲಿ.

“ನಿನ್ನ ವ್ಯಾನಿಗೆ ದುಡ್ಡು...” ಎಂದು ಶಕ್ತಿವೇಲ್ ಶುರು ಮಾಡುವಷ್ಟರಲ್ಲಿ ಹಿಂಬಾಗಿಲಲ್ಲಿ ಲಿಂಗಸಾಮಿ ನಿಂತಿದ್ದರು. ಬಾಳೆಯ ಕಲೆ ಹತ್ತಿದ ಕೈಯಿಂದ ಗೋಡೆ ತಡಕುತ್ತ ಮೇಜಿನ ತನಕ ಬಂದರು.

“ಫೋನ್ ಇಡು,” ಎಂದರು. “ನಾನು ಕೊಟ್ಟಿದ್ದು. ನನ್ನ ಮಗಳಿಗೆ.”

ಶಕ್ತಿವೇಲ್ ಕರೆ ತುಂಡರಿಸಿದ. “ನನ್ನ ಕೇಳಲಿಲ್ಲ.”

“ನಿಮ್ಮಮ್ಮ ಸತ್ತಾಗ ನೀನು ನನ್ನ ಕೇಳ್ದ್ಯಾ?”

ಲಿಂಗಸಾಮಿ ಸೊಸೆಯ ಕಡೆ ತಿರುಗಿದರು. “ಏನು ಬರೀಬೇಕು ಅಮ್ಮಣಿ, ಬರಿ. ನಾನು ಹೇಳ್ತೀನಿ.”

ನಿತ್ಯಾ ಕುರ್ಚಿಯಲ್ಲಿ ಕೂತಳು. ತಾನು ತಪ್ಪಾಗಿ ಹೊಸ ಖಾತೆಗೆ ಹಾಕಿದ್ದ ನಾನೂರನ್ನು ಹಿಂದಕ್ಕೆ ತಂದಳು. ಯಾವ ಖಾತೆಗೆ ಹೋಯಿತೆಂದು ಸಾಫ್ಟ್‌ವೇರ್ ಕೇಳಿತು.

“ಚಂದ್ರಾ ಅಂತ ಬರಿ,” ಎಂದರು ಮಾವ. “ಲಿಂಗಸಾಮಿ ಮಗಳು ಚಂದ್ರಾ.”

ಅವಳು ಹಾಗೆಯೇ ಬರೆದಳು. ಎರಡೂ ಕಡೆ ಎಂಟುನೂರು ತಾಳೆಯಾಯಿತು. ಪ್ರಿಂಟ್ ತೆಗೆದು ಗಂಡನ ಮುಂದಿಟ್ಟಳು. ಅವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಮಾತಿಲ್ಲದೆ ಬೈಕ್ ಹತ್ತಿ ಹೋದ.

ಕಾಗದ ಹೊತ್ತಿಗೆ ತಲುಪಿತು. ಸಾಲ ಒಂಬತ್ತರ ಬದಲು ಆರು ಲಕ್ಷ ಸಿಕ್ಕಿತು. ಹೊಸ ಲೇತ್ ಕೈತಪ್ಪಿತು. ಶಕ್ತಿವೇಲ್, ಮುಚ್ಚಿದ ಕಾರ್ಖಾನೆಯೊಂದರಿಂದ ಹಳೆಯ ಲೇತ್ ತಂದ. ಅಪ್ಪನ ಜೊತೆ ಮೂರು ವಾರ ಮಾತು ಬಿಟ್ಟ. ನಿತ್ಯಾ ಅವನ ಜೊತೆ ಮಾತು ಬಿಟ್ಟಳು. ಊಟ ಬಡಿಸುವಳು, ಎದ್ದು ಹೋಗುವಳು.

ನಾಲ್ಕನೆಯ ವಾರ ಕುರಿಚಿಯಿಂದ ಅವನ ಕರೆ ಬಂತು. ಹಿಂದೆ ಮೆಷಿನ್ ಓಡುವ ಸದ್ದು. “ತಪ್ಪಾಯಿಡುಚ್ಚು ನಿತ್ಯಾ. ಮನ್ನಿಚ್ಚಿರು,” ಎಂದ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡದವನು ಈ ಕ್ಷಮೆಯನ್ನು ತಮಿಳಿನಲ್ಲಿ ಕೇಳಿದ. ಮನೆಮಾತಿನಲ್ಲಿ ಅದನ್ನು ಯಾರಿಗೂ ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

“ನನ್ನ ತಮ್ಮನಿಗೂ ಹೇಳಿ,” ಎಂದಳು ನಿತ್ಯಾ. “ಫೋನಲ್ಲಲ್ಲ.”

ಆ ಭಾನುವಾರ ಅವನು ಕಾರ್ತಿಕೇಯನ್ ಇರುವ ಪೊಳ್ಳಾಚಿಗೆ ಹೋಗಿ ಅವನನ್ನು ಕಂಡು ಬಂದ. ಚಂದ್ರಾಳ ಊರು ನೆಗಮಂ ಅಲ್ಲಿಂದ ದೂರವಿಲ್ಲ. ಅಲ್ಲಿಗೆ ಮಾತ್ರ ಹೋಗಲಿಲ್ಲ. ಲಿಂಗಸಾಮಿ ಹೋದರು. ಅಂದಿನಿಂದ ತಿಂಗಳಿಗೊಮ್ಮೆ, ಎಲ್ಲಿಗೆ ಹೊರಟೆನೆಂದು ಮಗನ ಮುಂದೆಯೇ ಹೇಳಿ, ಒಂದು ಚಿಪ್ಪು ಬಾಳೆಹಣ್ಣು ಚೀಲದಲ್ಲಿಟ್ಟುಕೊಂಡು ಬಸ್ ಹತ್ತುತ್ತಾರೆ.