ದಿನಕ್ಕೆ ಐವತ್ತು ತಾರಾ

ಆ ಮರಾಠಿ ಪದವನ್ನು ಅಪ್ಪನಿಗೆ ಹೇಳಿಕೊಟ್ಟವಳು ನಾನೇ. ಅದನ್ನು ಬೇರೆಯವರ ತಲೆಗೆ ಕಟ್ಟಲು ಆಗುವುದಿಲ್ಲ.

ಪುಣೆ ಹತ್ತಿರದ ಮೋಶಿಯಲ್ಲಿ ಏಳುತ್ತಿದ್ದ ಹನ್ನೆರಡು ಮಹಡಿಯ ಕಟ್ಟಡದ ಹಿಂದೆ ಒಂದು ತಗಡಿನ ಶೆಡ್ಡಿನಲ್ಲಿ ನಮ್ಮ ಮನೆ. ಅಪ್ಪ ಲಾಲಪ್ಪ ಕಂಬಗಳಿಗೆ ಕಬ್ಬಿಣದ ಸಳಿ ಕಟ್ಟುವವನು, ಅವ್ವ ಯಮನವ್ವ ಇಟ್ಟಿಗೆ ಹೊರುವವಳು. ಸುರಪುರದ ಕಡೆಯಿಂದ ಬಂದು ಇಪ್ಪತ್ತೆರಡು ವರ್ಷವಾಗಿದ್ದರೂ ಅಪ್ಪನ ಮರಾಠಿ ಕಾಲು ಮುರಿದ ಕುರ್ಚಿಯ ಹಾಗೆ, ಯಾವಾಗ ಬೀಳಿಸುತ್ತದೋ ಹೇಳಲಾಗದು. ನಾನು, ಶಿವಕಾಂತಾ, ಚಿಂಚವಾಡದ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷ. ಈ ಬೇಸಿಗೆಗೆ ಒಂದು ಖಗೋಳ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತ್ತು. ದೂರದರ್ಶಕ ಕಳಿಸಿದ ಲಕ್ಷಗಟ್ಟಲೆ ನಕ್ಷತ್ರಗಳಲ್ಲಿ ಬೆಳಕು ಏರಿಳಿಯುವಂಥವನ್ನು ಕಂಪ್ಯೂಟರ್ ತಾನಾಗಿ ಹುಡುಕುವಂತೆ ಕಲಿಸಬೇಕು. ಕಲಿಸುವುದೆಂದರೆ ಮೊದಲು ನಾನು ಕೂತು ಒಂದೊಂದೇ ನಕ್ಷತ್ರದ ಬೆಳಕಿನ ಗೆರೆ ನೋಡಿ, ಇದು ಹೌದು, ಇದು ಅಲ್ಲ ಎಂದು ಗುರುತು ಹಾಕಬೇಕು. ದಿನಕ್ಕೆ ಐವತ್ತು. ಅದಕ್ಕೆ ತಿಂಗಳಿಗೊಮ್ಮೆ ಸ್ಟೈಪೆಂಡ್ ಬೇರೆ.

ಇದನ್ನು ಡಂಗುರ ಸಾರದಿದ್ದರೆ ಅಪ್ಪನಿಗೆ ಉಂಡ ಅನ್ನ ಕರಗುತ್ತಿರಲಿಲ್ಲ. ನಮ್ಮ ಕಡೆ ನಕ್ಷತ್ರಕ್ಕೆ ಚಿಕ್ಕಿ ಅನ್ನುತ್ತಾರೆ. ಮಗಳು ದಿನಾ ಐವತ್ತು ಚಿಕ್ಕಿ ತೆಗೆಯುತ್ತಾಳೆ ಎಂದು ಹೇಳಿಕೊಂಡು ಸೈಟಿನ ತುಂಬ ಪೇಢೆ ಹಂಚಿದ. ಪುಣೆಯಲ್ಲಿ ಚಿಕ್ಕಿ ಅಂದರೆ ಶೇಂಗಾ ಬೆಲ್ಲದ ಮಿಠಾಯಿ. ಲೋಣಾವಳಾದಲ್ಲಿ ಚಿಕ್ಕಿ ಅಂಗಡಿ ಯಾವಾಗ ಹಾಕುತ್ತೀ ಎಂದು ಸೂಪರ್‌ವೈಜರ್ ಟಿಂಗ್ರೆ ನಾಲ್ಕು ಜನರೆದುರು ಕೇಳಿ ನಕ್ಕ. ಮುಕಾದಮ ಧರ್ಮರಾಜ ಒಬ್ಬನಿಗೆ ಮಾತ್ರ ವಿಷಯ ಅರ್ಥವಾಯಿತು. ಅವನು ನಮ್ಮ ತಾಲ್ಲೂಕಿನವನೇ, ನಮ್ಮನ್ನೆಲ್ಲ ಕೂಲಿಗೆ ಕರೆತಂದವನು. ಭಾಳ ಚಲೋ ಆತು ಲಾಲಪ್ಪ ಎಂದು ಎರಡು ಪೇಢೆ ತಿಂದ.

ಅಪ್ಪ ಮುಖ ಸಣ್ಣದು ಮಾಡಿಕೊಂಡು ಶೆಡ್ಡಿಗೆ ಬಂದ. “ಚಿಕ್ಕಿಗೆ ಮರಾಠ್ಯಾಗ ಏನಂತಾರವ್ವ?”

“ತಾರಾ ಅಂತಾರ,” ಎಂದೆ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಚಾಂದಣಿ ಅಂದಿದ್ದರೆ ಮುಗಿದುಹೋಗುತ್ತಿತ್ತು. ಎಲ್ಲರ ಬಾಯಲ್ಲಿರುವ ಪದ ಅದು. ನಾನು ಓದಿದವಳಲ್ಲವೇ, ಪುಸ್ತಕದ್ದೇ ನಾಲಿಗೆಗೆ ಬಂತು. ಮರಾಠಿಯಲ್ಲಿ ಒಂದು ನಕ್ಷತ್ರ ತಾರಾ, ಹಲವಾದರೆ ತಾರೆ. ಆದರೆ ತಂತಿಗೂ ತಾರ ಅನ್ನುತ್ತಾರೆ, ಹಲವು ತಂತಿಗಳಾದರೆ ಅವು ತಾರಾ. ನಾವೋ ಒಂದು ಚಿಕ್ಕಿ, ಐವತ್ತು ಚಿಕ್ಕಿ ಎಂದು ಎರಡಕ್ಕೂ ಒಂದೇ ಪದ ಬಳಸುವ ಜನ. ಅಪ್ಪ ಅದೇ ರೂಢಿಯಲ್ಲಿ, “ಮಾಝಿ ಪೋರ್ಗಿ ರೋಜ್ ಪನ್ನಾಸ್ ತಾರಾ ಕಾಢತೆ” ಎಂದು ಸಿಕ್ಕಸಿಕ್ಕವರಿಗೆ ಹೇಳತೊಡಗಿದ. ಅವನು ಹೇಳಿದ್ದು, ನನ್ನ ಮಗಳು ದಿನಾ ಐವತ್ತು ನಕ್ಷತ್ರ ತೆಗೆಯುತ್ತಾಳೆ ಎಂದು. ಅವರು ಕೇಳಿಸಿಕೊಂಡದ್ದು, ನನ್ನ ಮಗಳು ದಿನಾ ಐವತ್ತು ತಂತಿ ಕೀಳುತ್ತಾಳೆ ಎಂದು.

ಅದೇ ವಾರ ನಾಲ್ಕನೇ ಮಹಡಿಯ ಗೋಡೆಗಳೊಳಗಿನ ತಾಮ್ರದ ವೈರನ್ನೆಲ್ಲ ಯಾರೋ ಎಳೆದುಕೊಂಡು ಹೋದರು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಗೈಡ್ ಶಾಮಲಾ ಮೇಡಂ ಜೊತೆ ಫೋನಿನಲ್ಲಿ ವೀಡಿಯೊ ಮೀಟಿಂಗ್ ನಡೆದಿತ್ತು. ಕಂಪ್ಯೂಟರ್ ನೂರರಲ್ಲಿ ಎಂಬತ್ತೊಂದನ್ನು ಸರಿಯಾಗಿ ಗುರುತಿಸುತ್ತಿದೆ ಎಂದು ನಾನು ಜಂಬದಿಂದ ಹೇಳುತ್ತಿದ್ದೆ. ಅಷ್ಟರಲ್ಲಿ ಅವ್ವ ಬಾಗಿಲಲ್ಲಿ ಬಂದು ಬಿದ್ದಳು. ಅವಳ ತುಟಿ ಒಡೆದಿತ್ತು.

“ನಿಮ್ಮಪ್ಪಗ ಕೊಲ್ಲಾಕತ್ತಾರ ಶಿವೀ, ಓಡು!”

ಫೋನನ್ನು ಅಲ್ಲೇ ಬಿಟ್ಟು ಓಡಿದೆ.

ಅಪ್ಪನನ್ನು ಕಂಬದ ಸಳಿಗಳಿಗೆ ಕಟ್ಟಿದ್ದರು. ಅವನೇ ದಿನವಿಡೀ ಸುತ್ತುವ ಬೈಂಡಿಂಗ್ ತಂತಿಯಿಂದ ಕಟ್ಟಿದ್ದರು, ಅದು ಮಣಿಕಟ್ಟಿನ ಚರ್ಮದೊಳಗೆ ಇಳಿದಿತ್ತು. ಟಿಂಗ್ರೆಯ ಕೈಯಲ್ಲಿ ಪೈಪು, ಉಳಿದ ಐದಾರು ಜನರ ಕೈಯಲ್ಲಿ ಸೆಂಟ್ರಿಂಗ್ ಕಟ್ಟಿಗೆ. ತಾರಾ ಎಲ್ಲಿ ಎಂದು ಅವರು ಕೇಳುತ್ತಿದ್ದರು. ಅಪ್ಪ ರಕ್ತ ಉಗುಳುತ್ತ, ತಲೆ ಮೇಲೆತ್ತಿ ಆಕಾಶ ತೋರಿಸುತ್ತಿದ್ದ. “ವರ್ ಆಹೆತ ಸಾಹೇಬ್! ತಾರಾ ವರ್!” ಮೇಲಿವೆ ಸಾಹೇಬರೇ, ಮೇಲೆ. ಕದ್ದದ್ದನ್ನು ಮೇಲಿನ ಮಹಡಿಯಲ್ಲಿ ಬಚ್ಚಿಟ್ಟಿದ್ದಾನೆಂದು ತಿಳಿದು ಇಬ್ಬರು ಆಗಲೇ ಹನ್ನೆರಡನೆಯದರವರೆಗೂ ಹತ್ತಿ ಇಳಿದಿದ್ದರು. ಏನೂ ಸಿಗದ ಸಿಟ್ಟಿಗೆ ಅವರಲ್ಲೊಬ್ಬ ಅಪ್ಪನ ಹೊಟ್ಟೆಗೆ ಒದ್ದ. ಅಪ್ಪ ಬಗ್ಗಲು ಹೋದ, ತಂತಿ ಬಿಡಲಿಲ್ಲ.

“ಚಾಂದಣ್ಯಾ! ಅವನು ಆಕಾಶದ ಚಾಂದಣ್ಯಾ ಅಂತಿದ್ದಾನೆ!” ಎಂದು ಮರಾಠಿಯಲ್ಲಿ ಕಿರುಚುತ್ತ ನಡುವೆ ನುಗ್ಗಿದೆ. ಟಿಂಗ್ರೆಯ ಕೈ ನನ್ನ ಕಿವಿಯ ಮೇಲೆ ಬಿತ್ತು. ಒಂದು ಕ್ಷಣ ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿದ್ದು ಅವನ ನಗು. ಕೂಲಿಯವನ ಮಗಳಿಗೆ ಚಾಂದಣಿ ನೋಡಲು ಯಾವ ಮೂರ್ಖ ಸಂಬಳ ಕೊಡುತ್ತಾನೆ ಎಂದು ಅವನು ಸುತ್ತಲಿನವರನ್ನು ಕೇಳಿದ. ನಿಜ ಹೇಳಬೇಕೆಂದರೆ, ಆ ಹೊಡೆತಕ್ಕಿಂತ ಆ ಪ್ರಶ್ನೆಗೆ ನನ್ನ ಮೈ ಉರಿಯಿತು.

ಧರ್ಮರಾಜ ಸಿಮೆಂಟ್ ಚೀಲಗಳ ಪಕ್ಕದಲ್ಲಿ ನಿಂತಿದ್ದ.

“ಕಾಕಾ, ನಿಮಗ ಗೊತ್ತದ ಅಲ್ರಿ! ಚಿಕ್ಕಿ ಅಂತ ಹೇಳ್ರಿ ಅವರಿಗೆ! ನಿಮ್ಮ ಮಾತು ಕೇಳ್ತಾರ!”

ಅವನು ನನ್ನ ಮುಖ ನೋಡಲಿಲ್ಲ. ಬಾಯಲ್ಲಿದ್ದ ಗುಟಕಾ ಉಗುಳಿ, ಚೀಲ ಎಣಿಸುವವನಂತೆ ಆ ಕಡೆ ತಿರುಗಿದ.

ಅಷ್ಟರಲ್ಲಿ ಪೈಪು ಅಪ್ಪನ ಬಲಗೈ ಬೆರಳುಗಳ ಮೇಲೆ ಬಿತ್ತು. ಎಲುಬು ಮುರಿದ ಸದ್ದು ಕೇಳಿಸಿತು. ಅಪ್ಪನ ಬಾಯಿಂದ ಹೊರಟ ಕೂಗು ಮನುಷ್ಯನದಾಗಿರಲಿಲ್ಲ. ಟಿಂಗ್ರೆ ಮತ್ತೆ ಪೈಪು ಎತ್ತಿದ. ನನ್ನ ಕಾಲ ಬಳಿ ಮೊಳದುದ್ದದ ಸಳಿಯ ತುಂಡು ಬಿದ್ದಿತ್ತು. ಎರಡೂ ಕೈಯಲ್ಲಿ ಹಿಡಿದು, ಇದ್ದಬದ್ದ ಬಲವನ್ನೆಲ್ಲ ಹಾಕಿ ಅವನ ಮೊಣಕಾಲ ಚಿಪ್ಪಿಗೆ ಬೀಸಿದೆ. ಅವನು ಕುಸಿದು ಕೂತ. ಇನ್ನೊಮ್ಮೆ ಬೀಸಿದೆ. ಯಾರೋ ಹಿಂದಿನಿಂದ ಜಡೆ ಹಿಡಿದು ನನ್ನನ್ನು ಜಲ್ಲಿಯ ಮೇಲೆ ಕೆಡವಿದರು, ಸೊಂಟಕ್ಕೆ ಒದ್ದರು. ಬಾಯಿಗೆ ಒಬ್ಬನ ಕೈ ಸಿಕ್ಕಿತು, ಉಪ್ಪು ರುಚಿ ಬರುವವರೆಗೂ ಕಚ್ಚಿದೆ. ಅಪ್ಪ ಸಾಯುತ್ತಾನೆ, ಅದಕ್ಕೆ ಮೊದಲು ಇವರಲ್ಲಿ ಒಬ್ಬನಾದರೂ ಸಾಯಲಿ. ಆಗ ತಲೆಯಲ್ಲಿದ್ದದ್ದು ಅದೊಂದೇ.

ಆಗ ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓಡಿ ಬಂದಳು. ಫೋನು ಹಚ್ಚುವುದು, ಆರಿಸುವುದು ಅವಳಿಗೆ ಬಾರದು. ಒಳಗೆ ಒಬ್ಬ ಹೆಂಗಸಿದ್ದಾಳೆ, ಅವಳಿಗೆ ಮರಾಠಿ ಬರುತ್ತದೆ ಎಂಬುದಷ್ಟೇ ಗೊತ್ತು. ಅದನ್ನು ಟಿಂಗ್ರೆಯ ಮುಖಕ್ಕೆ ಹಿಡಿದಳು.

“ಮಾತಾಡ್ರಿ ಅಕ್ಕಾರ! ನನ್ನ ಗಂಡಗ ಉಳಸ್ರಿ!”

ಮೀಟಿಂಗ್ ಇನ್ನೂ ನಡೆದೇ ಇತ್ತು, ಶಾಮಲಾ ಮೇಡಂ ಎಲ್ಲವನ್ನೂ ಕೇಳುತ್ತ, ನೋಡುತ್ತ ಇದ್ದರು. ಪೇಟೆಯ ನಯವಾದ ಮರಾಠಿಯಲ್ಲಿ ತಾವು ಯಾರೆಂದು ಹೇಳಿದರು. ಶಿವಕಾಂತಾ ತಮ್ಮ ವಿದ್ಯಾರ್ಥಿನಿ, ಆ ತಾರೆಗಳು ಆಕಾಶದವು ಎಂದರು. ನಿಮ್ಮೆಲ್ಲರ ಮುಖ ರೆಕಾರ್ಡ್ ಆಗಿದೆ, ಪೊಲೀಸರು ಹೊರಟಿದ್ದಾರೆ ಎಂದರು. ಅವರ ದನಿ ಸ್ವಲ್ಪವೂ ಏರಲಿಲ್ಲ. ಕಟ್ಟಿಗೆಗಳು ಒಂದೊಂದಾಗಿ ಕೆಳಗಿಳಿದವು. ನಾನು ಗಂಟಲು ಹರಿಯುವಂತೆ ಹೇಳಿದ್ದೂ ಅದೇ ಮಾತು. ನನ್ನ ಬಾಯಲ್ಲಿ ಅದು ಸುಳ್ಳು, ಅವರ ಬಾಯಲ್ಲಿ ನಿಜ. ಮೇಡಂ ಅಪ್ಪನ ಜೀವ ಉಳಿಸಿದರು, ಅದಕ್ಕೆ ನಾನು ಋಣಿ. ಆದರೂ ಅವರ ಆ ಮೆಲುದನಿ ಕೇಳಿ ನನಗೆ ಹೊಟ್ಟೆ ಉರಿದದ್ದು ಸುಳ್ಳಲ್ಲ.

ಮುನ್ಸಿಪಾಲ್ಟಿ ಆಸ್ಪತ್ರೆಯಲ್ಲಿ ಅಪ್ಪನ ಬಲಗೈಯ ಎರಡು ಬೆರಳು ತೆಗೆದರು. ಮೂರನೆಯದು ಮಡಚುವುದಿಲ್ಲ ಎಂದರು. ಸಳಿ ಕಟ್ಟುವವನಿಗೆ ಅಲ್ಲಿಗೆ ಕೆಲಸ ಮುಗಿಯಿತು. ಸಂಸ್ಥೆಯಿಂದ ಪತ್ರ ಬಂದದ್ದರಿಂದ ಕಳ್ಳತನದ ಮಾತು ಅಲ್ಲಿಗೇ ನಿಂತಿತು. ಟಿಂಗ್ರೆಯ ಮೊಣಕಾಲಿಗೆ ಪ್ಲಾಸ್ಟರ್ ಬಿದ್ದಿದೆಯೆಂದು ಕೇಳಿ ಸಂತೋಷಪಟ್ಟೆ.

ಮೂರನೇ ದಿನ ಧರ್ಮರಾಜ ಬಾಳೆಹಣ್ಣು ಹಿಡಿದು ಆಸ್ಪತ್ರೆಗೆ ಬಂದ.

“ಸಿಟ್ಟಾಗಬ್ಯಾಡವ್ವ. ನಾ ನಡುವ ಬಾಯಿ ಹಾಕಿದ್ರ ನನಗೂ ಶಾಮೀಲ ಅದಾನಂತ ಹೊಡೀತಿದ್ರು. ನಲವತ್ತು ಮಂದಿ ಕೂಲಿ ನನ್ನ ಮ್ಯಾಲ ಅದ.”

ನನ್ನ ಕೈಯಲ್ಲಿ ಸ್ಟೀಲಿನ ಟಿಫಿನ್ ಕ್ಯಾರಿಯರ್ ಇತ್ತು. ಅದರಿಂದಲೇ ಅವನ ಬಾಯಿಗೆ ಹೊಡೆದೆ. ಒಂದು ಹಲ್ಲು ನೆಲಕ್ಕೆ ಬಿತ್ತು, ಸಾರು ಅವನ ಅಂಗಿಯ ಮೇಲೆಲ್ಲ ಹರಿಯಿತು. ಅವನು ಹಲ್ಲನ್ನು ಎತ್ತಿಕೊಂಡು ಹೋದ. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ಮಧ್ಯಾಹ್ನ ಹವಾಲ್ದಾರರೊಬ್ಬರು ಅಪ್ಪನ ಹೇಳಿಕೆ ಬರೆದುಕೊಳ್ಳಲು ಬಂದರು. ವಯಸ್ಸಾದ, ಒಳ್ಳೆಯ ಮನುಷ್ಯ. ಕುರ್ಚಿ ಎಳೆದುಕೊಂಡು, ಅಪ್ಪನಿಗೆ ನೀರು ಕುಡಿಸಿ, ಹೆಸರು, ಊರು, ಹೊಡೆದವರು ಯಾರು ಎಂದು ನಿಧಾನವಾಗಿ ಕೇಳಿದರು. ಮನೆಯಲ್ಲಿ ಯಾರ್‍ಯಾರಿದ್ದೀರಿ ಎಂದರು. ಕೊನೆಗೆ ನನ್ನ ಕಡೆ ನೋಡಿ, ಮಗಳು ಏನು ಮಾಡುತ್ತಾಳೆ ಎಂದು ಕೇಳಿದರು. ಫಾರಮ್ಮಿನಲ್ಲಿ ಇದ್ದ ಪ್ರಶ್ನೆ, ಅಷ್ಟೇ.

ಅಪ್ಪ ಬ್ಯಾಂಡೇಜು ಸುತ್ತಿದ ಬಲಗೈ ನೋಡಿಕೊಂಡ.

“ಕಾಹೀ ನಾಹೀ ಸಾಹೇಬ್,” ಎಂದ. ಏನೂ ಇಲ್ಲ ಸಾಹೇಬರೇ. “ಲೋಕಾಂಚಿ ಭಾಂಡೀ ಘಾಸತೆ.” ಮಂದಿಯ ಮನೆ ಪಾತ್ರೆ ತಿಕ್ಕುತ್ತಾಳೆ.

“ಯಪ್ಪಾ, ಖರೇ ಹೇಳೋ,” ಎಂದೆ. “ನಾನೇ ಹೇಳ್ತೀನಿ, ಬಿಡು.”

ಅವನು ಎಡಗೈಯಿಂದ ನನ್ನ ಮಣಿಕಟ್ಟನ್ನು ಹಿಡಿದ. ನೋಯುವಷ್ಟು ಬಿಗಿಯಾಗಿ ಹಿಡಿದ.

“ಬ್ಯಾಡವ್ವ. ನಿನ್ನ ಕಾಲಿಗೆ ಬೀಳ್ತೀನಿ, ಬ್ಯಾಡ.”

ಹವಾಲ್ದಾರರು ಅಪ್ಪ ಹೇಳಿದ್ದನ್ನೇ ಬರೆದರು. ಕೆಳಗೆ ಬೆರಳು ತೋರಿಸಿ, ಸಾಕ್ಷಿಯ ಸಹಿ ಇಲ್ಲಿ ಎಂದು ಪೆನ್ನನ್ನು ನನಗೆ ಕೊಟ್ಟರು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಸಹಿ ಹಾಕಿದ ಮೇಲೆ ಅವನು ಕೈ ಬಿಟ್ಟ.