ಸದ್ದಿಲ್ಲದ ಸಿನಿಮಾ

"ತಟ್ಟಬೇಡ ಅಂದೆನಲ್ಲ, ಅದೇನು ಡೋಲಾ?" ಎಂದು ಮುಬೀರು ಗದರಿದ.

ಸ್ಪೀಕರ್ ಪೆಟ್ಟಿಗೆಗೆ ಇನ್ನೊಂದು ಏಟು ಕೊಡಲು ಎತ್ತಿದ್ದ ಕೈಯನ್ನು ಸಾಲೊಂಗೊ ಕೆಳಗಿಳಿಸಿದ. ಅವಳಿ ಮಕ್ಕಳ ಅಪ್ಪನಾದ ಮೇಲೆ ಮಿತ್ಯಾನ ಊರಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆದಿಲ್ಲ, ಸಾಲೊಂಗೊ ಎಂಬ ಗೌರವದ ಮಾತೇ ಹೆಸರಾಗಿಬಿಟ್ಟಿತ್ತು. ಈ ತಗಡಿನ ವಿಡಿಯೋ ಶೆಡ್ಡು ಅವನದು. ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಓಡಿಸುವ ಬೋಡಾ ಬೈಕಿನವರು, ಮಾರ್ಕೆಟ್ಟಿನ ಹೆಂಗಸರು ಬೆಂಚುಗಳ ತುಂಬ ಕೂತಿದ್ದರು. ತೆರೆಯ ಮೇಲೆ ಚೀನಾದ ಸೇನಾಪತಿಯೊಬ್ಬ ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಒಂದು ಸದ್ದೂ ಹೊರಡುತ್ತಿರಲಿಲ್ಲ.

"ಸಿನಿಮಾ ತೋರಿಸ್ತೀರೋ, ಮೀನಿನ ತೊಟ್ಟಿ ತೋರಿಸ್ತೀರೋ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಶೆಡ್ಡು ನಕ್ಕಿತು.

ಸಾಲೊಂಗೊ ನಗಲಿಲ್ಲ. "ಎದುರುಗಡೆ ಶೆಡ್ಡಲ್ಲಿ ಫುಟ್‌ಬಾಲ್ ಶುರುವಾಗಿದೆ ಮುಬೀರಣ್ಣ. ಇವರು ಎದ್ದು ಹೋದ್ರೆ ಕಥೆ ಮುಗೀತು. ನಾಳೆಯಿಂದ ಕಂಪಾಲದವರು ಮೊದಲೇ ಮಾತು ತುಂಬಿ ಕಳಿಸ್ತಾರಲ್ಲ, ಆ ಡಿಸ್ಕೇ ಹಾಕ್ತೀನಿ. ಆಮೇಲೆ ನಿನ್ನ ಮಗಳ ಅನ್ನಕ್ಕೆ ಕಲ್ಲು ಹಾಕಿದೆ ಅಂತ ನನ್ನನ್ನ ಬೈಕೊಂಡು ತಿರುಗಬೇಡ."

ಪರದೇಶದ ಸಿನಿಮಾ ಓಡುತ್ತಿದ್ದ ಹಾಗೇ ಪಕ್ಕದಲ್ಲಿ ಮೈಕು ಹಿಡಿದು ಅದನ್ನು ಊರ ಮಾತಾದ ಲುಗಾಂಡದಲ್ಲಿ ಹೇಳುವುದು ಮುಬೀರುವಿನ ಕಸುಬು. ಬರೀ ಹೇಳುವುದಲ್ಲ, ರಾಜನನ್ನು ಊರ ಛೇರ್ಮನ್ ಮಾಡಿ, ರಾಣಿಯ ಬಾಯಲ್ಲಿ ನಮ್ಮ ಮನೆಗಳ ಜಗಳ ಆಡಿಸಿ ಜನರನ್ನು ನಗಿಸುವುದು. ಅವನ ಜಂಬವೂ ಸಣ್ಣದಲ್ಲ. ಸಿನಿಮಾ ತೆಗೆದವರು ಬಂದು ಕೇಳಿದ್ದರೆ ನಾಚಿಕೊಂಡು ಹೋಗುತ್ತಿದ್ದರು ಎನ್ನುತ್ತಿದ್ದ. ಗಂಟಲಿನ ಆಪರೇಷನ್ ಆದ ಮೇಲೆ ದನಿ ಒಡೆಯಿತು, ಒಂದು ಇಡೀ ಸಿನಿಮಾ ಎಳೆಯುವ ತ್ರಾಣ ಉಳಿಯಲಿಲ್ಲ. ಇವತ್ತು ಮೊದಲ ಸಲ ಮೈಕು ಮಗಳು ನಸ್ಸೂನಳ ಕೈಗೆ ಬಂದಿತ್ತು. ದಿನಾ ಬೆಳಿಗ್ಗೆ ಶೆಡ್ಡು ಗುಡಿಸುವ ಹುಡುಗಿ, ಮನೆಯಲ್ಲಿ ಕರೆದರೆ ಓಗೊಡುವುದೇ ಹೆಚ್ಚು. ನಿಜ ಹೇಳಬೇಕೆಂದರೆ ಅವಳ ಮೇಲೆ ಅಪ್ಪನಿಗೇ ಪೂರ್ತಿ ನಂಬಿಕೆ ಇರಲಿಲ್ಲ.

ಮುಬೀರು ಹೆಡ್‌ಫೋನ್ ತಗೊಂಡು ಕಂಪ್ಯೂಟರಿಗೆ ಚುಚ್ಚಿ ನೋಡಿದ. ಸೇನಾಪತಿ ಕಿವಿಯೊಳಗೆ ಅರಚಿದ. ಕಿತ್ತು ಸ್ಪೀಕರ್ ಪೆಟ್ಟಿಗೆಯ ಮುಂದಿನ ತೂತಿಗೆ ಚುಚ್ಚಿದ. ಅಲ್ಲೂ ಅರಚಿದ. ಕಿತ್ತ. ಪೆಟ್ಟಿಗೆ ಮತ್ತೆ ಮೂಕ.

"ಕಂಪ್ಯೂಟರೂ ಸರಿಯಿದೆ, ಪೆಟ್ಟಿಗೇನೂ ಸರಿಯಿದೆ," ಎಂದ. "ಈ ತೂತು ಮಾತ್ರ ಕೆಟ್ಟಿದೆ, ಹೆಡ್‌ಫೋನ್ ಕಿತ್ತರೂ ಇನ್ನೂ ಚುಚ್ಚಿದೆ ಅಂತಾನೇ ಪೆಟ್ಟಿಗೆ ತಿಳ್ಕೊಂಡಿದೆ. ಅದಕ್ಕೇ ಹೊರಗೆ ಸದ್ದು ಬಿಡ್ತಿಲ್ಲ. ಬಿಚ್ಚಬೇಕು."

"ನೀನು ಬಿಚ್ಚೋ ಹೊತ್ತಿಗೆ ಇವರೆಲ್ಲ ಅಲ್ಲಿ ಗೋಲು ನೋಡ್ತಿರ್ತಾರೆ."

ಅಷ್ಟರಲ್ಲಿ ನಸ್ಸೂನ ಅಪ್ಪನ ಕೈಯಿಂದ ಹೆಡ್‌ಫೋನ್ ತೆಗೆದುಕೊಂಡು ಕಂಪ್ಯೂಟರಿಗೇ ಚುಚ್ಚಿದಳು. "ನೀನು ಬಿಚ್ಚಪ್ಪ. ನಾನು ಶುರು ಮಾಡ್ತೀನಿ."

"ಹುಚ್ಚಾ ನಿನಗೆ? ಕುದುರೆ ಸದ್ದಿಲ್ಲ, ಕತ್ತಿ ಸದ್ದಿಲ್ಲ. ಏನಂತ ಹೇಳ್ತೀಯೆ?"

"ನನಗೆ ಕೇಳಿಸುತ್ತಲ್ಲ," ಎಂದು ಅವಳು ಮೈಕು ಎತ್ತಿಕೊಂಡಳು. ಮೈಕಿಗೆ ಬೇರೆಯೇ ಒಂದು ಹಳೆಯ ಪೆಟ್ಟಿಗೆಯಿತ್ತು, ಅದಕ್ಕೇನೂ ಆಗಿರಲಿಲ್ಲ.

ಮುಬೀರು ಪೆಟ್ಟಿಗೆ ಎತ್ತಿಕೊಂಡು ತೆರೆಯ ಹಿಂದೆ ಕೂತು ಸ್ಕ್ರೂ ಬಿಚ್ಚತೊಡಗಿದ. ಅವಳ ಮೊದಲ ಮಾತುಗಳು ನಡುಗುತ್ತಿದ್ದವು. ಬೇಗ ಸರಿಮಾಡಿದರೆ ಮಗಳ ಮಾನ ಉಳಿಯುತ್ತದೆ ಎಂದು ಅವಸರ ಮಾಡಿದ. ಮುಚ್ಚಳ ತೆಗೆದು ಟಾರ್ಚು ಹಾಕಿ ನೋಡಿದರೆ, ಅಂದುಕೊಂಡದ್ದೇ ಸರಿ. ಹೆಡ್‌ಫೋನ್ ಕಿತ್ತಾಗ ಹಿಂದಕ್ಕೆ ಬಂದು ಅಂಟಬೇಕಾದ ಹಿತ್ತಾಳೆಯ ಪಟ್ಟಿ ಬಾಗಿ ದೂರವೇ ನಿಂತಿತ್ತು. ಆದರೆ ಅದು ತುದಿಯಲ್ಲಿ ಸವೆದು ಫಳಫಳ ಹೊಳೆಯುತ್ತಿತ್ತು. ಈಗ ತಾನು ಚುಚ್ಚಿದ್ದು ಬಿಟ್ಟರೆ ಈ ತೂತಿಗೆ ಯಾರೂ ಏನನ್ನೂ ಚುಚ್ಚಿದ್ದನ್ನು ಅವನು ಕಂಡಿರಲಿಲ್ಲ.

ಮತ್ತೆ ಯಾರು? ಬೆಳಿಗ್ಗೆ ಬೀಗ ತೆಗೆಯುವವಳು ಅವಳೊಬ್ಬಳೇ. ಗುಡಿಸುವುದು ಮುಗಿಸಿ, ಬೀದಿಗೆ ಕೇಳಿಸದ ಹಾಗೆ ಹೆಡ್‌ಫೋನ್ ಹಾಕಿಕೊಂಡು, ಖಾಲಿ ಬೆಂಚುಗಳಿಗೆ ಸಿನಿಮಾ ಹೇಳಿದ್ದಾಳೆ. ಒಂದೆರಡು ವಾರದ ಸವೆತವಲ್ಲ ಅದು. ಕಳ್ಳಿ, ಎಂದುಕೊಂಡ. ಒಳಗೊಳಗೇ ನಗುತ್ತ ಒಂದು ಸೂಜಿ ಕೈಗೆತ್ತಿಕೊಂಡ.

ಹೊರಗೆ ನಸ್ಸೂನ ಹೇಳುತ್ತಿದ್ದಳು: "ನೋಡಿ ಪಾಪ, ಬಾಳೆಕಾಯಿ ಮಟೋಕೆ ಬೇಯಿಸೋಕೆ ಬರೋ ಹೆಂಡತಿ ಸಿಗಲಿಲ್ಲ ಅಂತ ಸೇನಾಪತಿ ಕಡ್ಡೀಲಿ ಅನ್ನ ಕೆದಕ್ತಿದಾನೆ." ಶೆಡ್ಡು ಬಿದ್ದು ಬಿದ್ದು ನಕ್ಕಿತು. ಕುದುರೆಗಳು ಬಂದವು, ನಾಲಗೆಯಲ್ಲೇ ಅವನ್ನು ಓಡಿಸಿದಳು. ಕತ್ತಿಗಳು ಬಂದವು, ಅವೂ ಅವಳ ಬಾಯಲ್ಲೇ ತಾಗಿದವು. ಆಮೇಲೆ ಸೇನಾಪತಿಯ ತಾಯಿ ಮಗನ ಹೆಣದ ಮುಂದೆ ಕೂತಳು. ನಸ್ಸೂನ ದನಿ ಇಳಿಸಿದಳು. ಬೆಂಚುಗಳಲ್ಲಿ ಕಡಲೆಕಾಯಿ ಸುಲಿಯುವ ಸದ್ದೂ ನಿಂತಿತು.

ಮುಬೀರು ಪಟ್ಟಿಯನ್ನು ಸೂಜಿಯ ಮೊನೆಯಲ್ಲಿ ಬಾಗಿಸಿ ಕೂರಿಸಿದ. ಪೆಟ್ಟಿಗೆ ಹೊತ್ತು ತಂದು, ಕಂಪ್ಯೂಟರಿನ ಹಿಂದಿನ ತೂತಿಗೆ ವೈರು ಚುಚ್ಚಿದ. ಧಡಧಡನೆ ಸೈನ್ಯ ನುಗ್ಗಿತು, ಚೀನೀ ಕೂಗಾಟದಲ್ಲಿ ತಗಡು ಅದುರಿತು. ಸಾಲೊಂಗೊನ ಮುಖ ಅರಳಿತು.

"ಏಯ್, ಅದನ್ನ ನಿಲ್ಲಿಸ್ರೋ," ಎಂದಿತು ಮುಂದಿನ ಬೆಂಚು. "ಹುಡುಗಿ ಹೇಳೋದು ಕೇಳಿಸ್ತಿಲ್ಲ."

"ಯಾರ್ರೀ ಅದು ಮಧ್ಯದಲ್ಲಿ? ತೆಗೀರಿ ಅತ್ಲಾಗೆ."

ಮುಬೀರು ವೈರು ಕಿತ್ತ.

"ಇಷ್ಟು ಹೊತ್ತು ಒದ್ದಾಡಿ ರಿಪೇರಿ ಮಾಡಿದೆಯಲ್ಲ?" ಎಂದು ಸಾಲೊಂಗೊ ಪಿಸುಗುಟ್ಟಿದ.

"ಮಾಡಿದೆ. ಸರಿಯಾಗೇ ಇದೆ. ಈಗ ಬೇಡ."

ಮೂಲೆಯಲ್ಲಿದ್ದ ಟೊಮೆಟೊ ಮಾರುವ ಹೆಂಗಸು ಅವನ ಕಡೆ ತಿರುಗಿದಳು. "ಬೇಜಾರು ಮಾಡ್ಕೋಬೇಡ ಅಣ್ಣ, ಮಗಳು ನಿನ್ನನ್ನ ಮೀರಿಸಿಬಿಟ್ಟಳು."

"ಮೀರಿಸಿದಾಳೆ," ಎಂದ ಮುಬೀರು, ಒಡೆದ ದನಿಯಲ್ಲಿ, ಆದಷ್ಟು ಗಟ್ಟಿಯಾಗಿ. "ಮುಂದೆ ನೋಡಮ್ಮ, ಕಥೆ ತಪ್ಪಿಹೋಗುತ್ತೆ."

ಎದುರಿನ ಶೆಡ್ಡಿನಿಂದ ಎದ್ದು ಬಂದವರು ಬಾಗಿಲಲ್ಲಿ ಕತ್ತು ಚಾಚಿ ನಿಂತಿದ್ದರು. ಸಾಲೊಂಗೊ ಅವರಿಗೆ ಜಾಗ ಮಾಡಲು ಓಡಿದ. ಬೆಂಚಿನಲ್ಲಿ ಎಲ್ಲೂ ಸಂದಿಯೇ ಇರಲಿಲ್ಲ. ಮುಬೀರು ವೈರನ್ನು ನೀಟಾಗಿ ಸುತ್ತಿಟ್ಟು, ರಿಪೇರಿಯಾದ ಸ್ಪೀಕರ್ ಪೆಟ್ಟಿಗೆಯ ಮೇಲೆಯೇ ಕೂತು, ಎಲ್ಲರ ಜೊತೆ ಸಿನಿಮಾ ಕೇಳತೊಡಗಿದ.